ಆರು ದಿನಗಳ ಸೃಷ್ಟಿ



ಹೋದ ವಾರ ವಿಜ್ಞಾನ ಪಾಠದಲ್ಲಿ ಮೇಷ್ಟ್ರು ಭೂಮಿಗೆ ಸುಮಾರು 454 ಕೋಟಿ ವರ್ಷ ವಯಸ್ಸು ಎಂದು ಹೇಳಿದರು. ಆಗ ಹಿಂದಿನಿಂದ ಒಬ್ಬ, “ಇವಳ ಬೈಬಲ್ಲಲ್ಲಿ ಆರೇ ದಿನ ಅಂತೆ ಸಾರ್” ಅಂದ. ಎಲ್ಲರೂ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ, ಅಳು ಬಂತು. ಮೇಷ್ಟ್ರು, “ನಗಬೇಡ್ರೋ. ನೀನು ಕೇಳಿ ತಿಳ್ಕೊಂಡು ಗೋಡೆ ಪತ್ರಿಕೆಗೆ ಬರಿಯಮ್ಮ” ಅಂದರು. ಅದಕ್ಕೇ ಬರೆದಿದ್ದೇನೆ.

ಬೈಬಲಿನ ಮೊದಲನೆಯ ಪುಸ್ತಕ ಆದಿಕಾಂಡ. ಇದನ್ನು ಮೊದಲು ಬರೆದದ್ದು ಹೀಬ್ರೂ ಭಾಷೆಯಲ್ಲಿ. ಇದು ಯೆಹೂದ್ಯರಿಗೂ ಪವಿತ್ರ ಗ್ರಂಥ. ಅದರ ಮೊದಲನೆಯ ಅಧ್ಯಾಯದ ಪ್ರಕಾರ ದೇವರು ಮಾತಿನಿಂದಲೇ ಎಲ್ಲವನ್ನೂ ಉಂಟುಮಾಡಿದರು.

1ನೇ ದಿನ: ಬೆಳಕು
2ನೇ ದಿನ: ಆಕಾಶ, ಅದರ ಕೆಳಗೆ ನೀರು
3ನೇ ದಿನ: ಒಣನೆಲ, ಗಿಡಮರ
4ನೇ ದಿನ: ಸೂರ್ಯ, ಚಂದ್ರ, ನಕ್ಷತ್ರ
5ನೇ ದಿನ: ಹಕ್ಕಿ, ಮೀನು
6ನೇ ದಿನ: ಪ್ರಾಣಿಗಳು, ಕಡೆಗೆ ಮನುಷ್ಯ
7ನೇ ದಿನ: ವಿಶ್ರಾಂತಿ

ಬರೆಯುವಾಗ ನನಗೇ ಒಂದು ಅನುಮಾನ ಬಂತು. ಸೂರ್ಯ ಹುಟ್ಟಿದ್ದು ನಾಲ್ಕನೇ ದಿನ. ಹಾಗಾದರೆ ಮೊದಲಿನ ಮೂರು ದಿನಗಳ ಹಗಲು ಹೇಗಾಯ್ತು? ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಅವರನ್ನು ಕೇಳಿದೆ. ಅವರು ಬೈಯಲಿಲ್ಲ. “ಮೊದಲಿನ ಮೂರು ದಿನದ ಪಕ್ಕದಲ್ಲಿ ಕೊನೆಯ ಮೂರು ದಿನ ಬರೆದು ನೋಡು” ಅಂದರು. ನೀವೂ ಬರೆದು ನೋಡಿ. 1ರ ಬೆಳಕಿಗೆ 4ರ ಸೂರ್ಯ. 2ರ ಆಕಾಶಕ್ಕೆ ಹಕ್ಕಿ, ನೀರಿಗೆ 5ರ ಮೀನು. 3ರ ನೆಲಕ್ಕೆ 6ರ ಪ್ರಾಣಿ, ಮನುಷ್ಯ. ಮೊದಲು ಮನೆ ಕಟ್ಟಿ ಆಮೇಲೆ ಒಕ್ಕಲು ಬಂದ ಹಾಗೆ!

ಇದು ಗಡಿಯಾರದ ಲೆಕ್ಕ ಅಲ್ಲ ಎಂದು ಬಹಳ ಕ್ರೈಸ್ತರು ತಿಳಿಯುತ್ತಾರೆ. ಸುಮಾರು 1600 ವರ್ಷಗಳ ಹಿಂದೆಯೇ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನರು ಇವು ನಮ್ಮ ದಿನಗಳಂಥ ದಿನಗಳಲ್ಲ ಎಂದು ಬರೆದಿದ್ದರು. ಆದರೆ 24 ಗಂಟೆಯ ದಿನವೇ ಎಂದು ನಂಬುವ ಕ್ರೈಸ್ತರೂ ಇದ್ದಾರೆ. ಇನ್ನೊಂದು ವಿಷಯ ಕೇಳಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಬೆಲ್ಜಿಯಂ ದೇಶದ ವಿಜ್ಞಾನಿ ಲೆಮೈತ್ರ್ ಅವರೂ ಒಬ್ಬ ಫಾದರ್! ವಿಶ್ವವೆಲ್ಲಾ ಒಂದು ಆದಿ ಅಣುವಿನಿಂದ ಶುರುವಾಯಿತು ಎಂದು ಅವರು 1931ರಲ್ಲಿ ಹೇಳಿದರು. ಮಹಾಸ್ಫೋಟ ಸಿದ್ಧಾಂತ ಬೆಳೆದದ್ದು ಇಂಥ ವಿಚಾರದಿಂದ.

ಇನ್ನು ಮನುಷ್ಯನ ವಿಷಯ. ಮೊದಲನೇ ಅಧ್ಯಾಯದಲ್ಲಿ ದೇವರು ಗಂಡನ್ನೂ ಹೆಣ್ಣನ್ನೂ ತಮ್ಮ ಹೋಲಿಕೆಯಲ್ಲೇ ಮಾಡಿದರು ಎಂದಿದೆ. ಎರಡನೇ ಅಧ್ಯಾಯದಲ್ಲಿ ಕಥೆ ಬೇರೆ ರೀತಿ ಇದೆ. ಅಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಮೂಗಿನಲ್ಲಿ ಉಸಿರು ಊದಿದರು. ಅವನ ಪಕ್ಕೆಲುಬಿನಿಂದ ಹೆಂಗಸನ್ನು ಮಾಡಿದರು. ಹೀಬ್ರೂನಲ್ಲಿ ಮಣ್ಣಿಗೆ ‘ಅದಾಮಾ’ ಅನ್ನುತ್ತಾರೆ. ಆದಾಮ ಎಂಬ ಹೆಸರು ಆ ಮಾತಿಗೆ ಸೇರಿದ್ದು. ಅವನಿಗೆ ಏದೆನ್ ತೋಟವನ್ನು ಕೊಟ್ಟದ್ದು ಬರೀ ಹಣ್ಣು ತಿನ್ನಲಿಕ್ಕಲ್ಲ, ಉತ್ತು ಕಾಯಲಿಕ್ಕೆ.

ಇದನ್ನು ಓದಿದಾಗ ನನ್ನ ಸಿಟ್ಟು ಇಳೀತು. ನಕ್ಕವರೂ ನಾನೂ ಒಂದೇ ಮಣ್ಣು. ಎಲ್ಲರಲ್ಲೂ ದೇವರ ಹೋಲಿಕೆ ಇದ್ದರೆ ಯಾರನ್ನೂ ಕೀಳು ಅನ್ನುವ ಹಾಗಿಲ್ಲ. ಹುಡುಗಿ ಅಂತಲೂ ಇಲ್ಲ, ಜಾತಿ ಅಂತಲೂ ಇಲ್ಲ.

ಪರೀಕ್ಷೆಯಲ್ಲಿ ನಾನು 454 ಕೋಟಿ ಅಂತಲೇ ಬರೀತೀನಿ. ಭಾನುವಾರ ಆದಿಕಾಂಡವನ್ನೂ ಕೇಳ್ತೀನಿ. ಇನ್ನು ಯಾರಾದರೂ ಆರು ದಿನದ ಬಗ್ಗೆ ಕೇಳಿದರೆ ಅಳೋದಿಲ್ಲ, ಸ್ಲೇಟು ತಗೊಂಡು ಪಕ್ಕ ಪಕ್ಕ ಬರೆದು ತೋರಿಸ್ತೀನಿ.

ತಪ್ಪಿದ್ದರೆ ತಿದ್ದಬೇಕಾಗಿ ವಿನಂತಿ.

– 7ನೇ ತರಗತಿ ವಿದ್ಯಾರ್ಥಿನಿ