ಹುಲಿಗಿಂತ ಮೊದಲು ಡ್ಯಾಮಿನ ಲೆಕ್ಕ

ದಾವಣಗೆರೆ ಸೀಮೆಯ ಭತ್ತದ ರೈತರು ಬೆಳಿಗ್ಗೆ ಪೇಪರ್ ಬಿಚ್ಚಿದರೆ ಕಣ್ಣು ಮೊದಲು ಹೋಗುವುದು ಭದ್ರಾ ಡ್ಯಾಮಿನ ಮಟ್ಟದ ಕಡೆಗೆ. ಪೂರ್ಣ ಮಟ್ಟ 186 ಅಡಿ. ಇವತ್ತು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎನ್ನುವುದು ಹೋಟೆಲಿನಲ್ಲಿ ಬೆಣ್ಣೆ ದೋಸೆ ಬರುವಷ್ಟರಲ್ಲಿ ಚರ್ಚೆಯಾಗಿ ಮುಗಿದಿರುತ್ತದೆ. ಆ ನೀರು ನಿಂತಿರುವುದು ಒಂದು ಹುಲಿ ಸಂರಕ್ಷಿತ ಪ್ರದೇಶದ ಮಡಿಲಲ್ಲಿ ಎನ್ನುವುದನ್ನು ಮಾತ್ರ ನಮ್ಮವರು ಮರೆತುಬಿಡುತ್ತಾರೆ. ಸಫಾರಿ ಎಂದರೆ ಬಂಡೀಪುರ, ಕಬಿನಿ. ತೀರಾ ಹತ್ತಿರ ಎಂದರೆ ದಾಂಡೇಲಿ. ಹರಿಹರದ ನನಗೆ ಚಳಿಗಾಲದ ಕಾಡಿನ ಹುಚ್ಚು ಹತ್ತಿ ಬಹಳ ವರ್ಷಗಳಾದವು. ಈಗ ಯಾರು ಕೇಳಿದರೂ ಮೊದಲು ಆ ಡ್ಯಾಮಿರುವ ಲಕ್ಕವಳ್ಳಿಗೆ ಹೋಗಿ ಬನ್ನಿ ಎನ್ನುತ್ತೇನೆ. ಯಾವ ತಿಂಗಳು ಎಂದು ಕೇಳಿದರೆ, ಡ್ಯಾಮಿನಲ್ಲಿ ಎಷ್ಟು ಅಡಿ ಇದೆ ಎಂದು ತಿರುಗಿ ಕೇಳುತ್ತೇನೆ.

ಇದರಲ್ಲಿ ತಮಾಷೆ ಏನೂ ಇಲ್ಲ. ಮಳೆ ಚೆನ್ನಾಗಿ ಆದ ವರ್ಷ ಡಿಸೆಂಬರಿನಲ್ಲಿ ಹಿನ್ನೀರು ಕಾಡಿನ ಅಂಚನ್ನೇ ಮುಟ್ಟಿ ನಿಂತಿರುತ್ತದೆ. ದಡ ಎನ್ನುವುದೇ ಇರುವುದಿಲ್ಲ, ದಡದ ಹುಲ್ಲೂ ಇಲ್ಲ. ಒಳಗಡೆ ಹಳ್ಳ ತೊರೆಗಳೆಲ್ಲ ಹರಿಯುತ್ತಿರುವಾಗ ಆನೆಗೋ ಕಾಟಿಗೋ ಹೊಳೆಯ ಕಡೆ ಬರುವ ದರ್ದು ಏನಿದೆ? ಬೇಸಿಗೆ ಬೆಳೆಗೆ ಸಾಮಾನ್ಯವಾಗಿ ಜನವರಿಯಲ್ಲಿ ನಾಲೆಗೆ ನೀರು ಬಿಡುತ್ತಾರೆ. ಅಲ್ಲಿಂದ ಮಟ್ಟ ಇಳಿಯತೊಡಗಿ, ನೆಲ ಬಯಲಾಗಿ, ಎಳೆ ಹುಲ್ಲು ಏಳುತ್ತದೆ. ಜಿಂಕೆ, ಕಾಟಿ, ಆನೆ ದಡಕ್ಕೆ ಬರುವುದು ಆಮೇಲೆ. ಮಾರ್ಚ್ ಹೊತ್ತಿಗೆ ಹಿನ್ನೀರಿನ ನಡುವಿನ ನಡುಗಡ್ಡೆಗಳು ತಲೆ ಎತ್ತುತ್ತವೆ. ನದಿ ರೀವ ಹಕ್ಕಿಗಳು ಅಲ್ಲಿಯ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯ ಜಂಗಲ್ ಲಾಡ್ಜಸ್ ವಸತಿಗೆ ರಿವರ್ ಟರ್ನ್ ಎಂಬ ಹೆಸರು ಬಂದದ್ದು ಈ ಹಕ್ಕಿಯಿಂದಲೇ. ಮಲೇಬೆನ್ನೂರಿನ ಗದ್ದೆಗೆ ಹರಿದ ನೀರು ಅಲ್ಲಿ ಹಕ್ಕಿಗೆ ಜಾಗ ಬಿಟ್ಟುಕೊಟ್ಟಿರುತ್ತದೆ. 2023ರ ಬರದಲ್ಲಿ ಡ್ಯಾಮು ತುಂಬಲೇ ಇಲ್ಲ. ಅಂಥ ವರ್ಷ ಚಳಿಗಾಲದಲ್ಲೇ ದಡ ತೆರೆದಿರುತ್ತದೆ, ಪ್ರಾಣಿಗಳೂ ಸುಲಭವಾಗಿ ಕಾಣುತ್ತವೆ. ನಮ್ಮ ರೈತರ ಕೆಟ್ಟ ವರ್ಷ ಸಫಾರಿಯವರಿಗೆ ಒಳ್ಳೆಯ ವರ್ಷವಾಗುವುದು ನನಗಂತೂ ಮುಜುಗರದ ಸಂಗತಿ.

ಹಾಗಾದರೆ ಡ್ಯಾಮು ತುಂಬಿದ ಚಳಿಗಾಲದಲ್ಲಿ ಹೋಗಬಾರದೇ? ಹೋಗಬೇಕು, ಹುಲಿಯೊಂದನ್ನೇ ನೆಚ್ಚಿಕೊಂಡಲ್ಲ. ‘ಹುಲಿ ಗ್ಯಾರಂಟಿ’ ಎಂದು ಮುಂಗಡ ಕೇಳುವ ಏಜೆಂಟರು ನಮ್ಮೂರಲ್ಲೂ ಸಿಗುತ್ತಾರೆ. ಅವರಿಗೆ ಕೈ ಮುಗಿದು ಮುಂದೆ ಹೋಗಿ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563, ಮಧ್ಯಪ್ರದೇಶದ ನಂತರ ನಮ್ಮದೇ ಎರಡನೆಯ ಸ್ಥಾನ. ಆದರೆ ಹುಲಿ ಇರುವುದು ಬೇರೆ, ಕಾಣುವುದು ಬೇರೆ. ರಾಷ್ಟ್ರೀಯ ಹುಲಿ ಪ್ರಾಧಿಕಾರದ 2012ರ ಮಾರ್ಗಸೂಚಿಯಂತೆ ಒಳಕಾಡಿನ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಿಗರಿಗೆ ತೆರೆಯುವಂತಿಲ್ಲ. ಮಿಕ್ಕ ಕಾಡಿನಲ್ಲಿ ಹುಲಿ ತನ್ನ ಪಾಡಿಗೆ ಇರುತ್ತದೆ, ಇರಲಿ. ಅದರ ಮೇಲೆ ಭದ್ರಾ ಎಂದರೆ ಬಿದಿರು ಹಿಂಡಿಲು ಕಿಕ್ಕಿರಿದ ಕಾಡು. ಮಳೆ ನಿಂತು ಎರಡು ತಿಂಗಳಾದರೂ ಹುಲ್ಲು ಆಳೆತ್ತರ ನಿಂತಿರುತ್ತದೆ; ಹತ್ತು ಮಾರು ದೂರದ ಜಿಂಕೆಯ ಕಿವಿ ಕಂಡರೆ ಪುಣ್ಯ. ಜನವರಿ ಕೊನೆಗೆ ತೇಗ ಎಲೆ ಉದುರಿಸಿ ಹುಲ್ಲು ಒಣಗಿದ ಮೇಲೆ ಕಣ್ಣು ದೂರಕ್ಕೆ ಹರಿಯುತ್ತದೆ. ಇನ್ನೂ ತಡಮಾಡಿದರೆ ಕಾಡ್ಗಿಚ್ಚಿನ ದಿನಗಳು ಶುರುವಾಗುತ್ತವೆ. ಇದನ್ನೆಲ್ಲ ತೂಗಿ ನೋಡಿ ನಾನು ಜನವರಿಯ ಕೊನೆ, ಫೆಬ್ರವರಿಯ ಮೊದಲ ವಾರ ಎಂದು ಗಟ್ಟಿಮಾಡಿಕೊಂಡಿದ್ದೇನೆ. ಕ್ರಿಸ್‌ಮಸ್‌ನಿಂದ ಸಂಕ್ರಾಂತಿಯವರೆಗಿನ ಜಾತ್ರೆಯೂ ಅಷ್ಟರಲ್ಲಿ ಕಳೆದಿರುತ್ತದೆ.

ಈ ಕಾಡಿನಲ್ಲಿ ನಾನು ಕಾಯುವುದು ಕಾಟಿಗಾಗಿ. 1989ರ ಸುಮಾರಿಗೆ ದನಗಳಿಂದ ಹರಡಿದ ದೊಡ್ಡರೋಗ ಭದ್ರಾ ಕಾಡಿನ ಕಾಟಿಗಳನ್ನು ಬಹುಮಟ್ಟಿಗೆ ಗುಡಿಸಿಹಾಕಿತ್ತು. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2000ದ ನಂತರದ ಒಂದೆರಡು ವರ್ಷಗಳಲ್ಲಿ ಕಾಡೊಳಗಿನ ಹತ್ತಕ್ಕೂ ಹೆಚ್ಚು ಹಳ್ಳಿಗಳ ನಾನೂರಕ್ಕೂ ಮೀರಿದ ಕುಟುಂಬಗಳು ಕೆಳಗೂರಿಗೆ ಮತ್ತು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಸ್ಥಳಾಂತರಗೊಂಡವು. ಮನೆ, ಜಮೀನು ಕೊಟ್ಟು ಒಪ್ಪಿಸಿ ಮಾಡಿದ ಸ್ಥಳಾಂತರ ಎಂದು ದೇಶದ ತುಂಬ ಇದನ್ನು ಉದಾಹರಿಸುತ್ತಾರೆ. ಆ ಊರುಗಳ ಗದ್ದೆಬಯಲು ಇವತ್ತು ಹುಲ್ಲುಗಾವಲು. ಮಂಜು ಕರಗುವ ಹೊತ್ತಿಗೆ ಬಿಳಿ ಕಾಲುಚೀಲದ ಕಾಟಿ ಹಿಂಡು ರಸ್ತೆ ದಾಟುವುದನ್ನು ಈ ಕಥೆ ಗೊತ್ತಿದ್ದವರು ನೋಡುವ ರೀತಿಯೇ ಬೇರೆ. ಜೀಪಿನಲ್ಲಿ ಪಕ್ಕದವರು ‘ಬರೀ ಕಾಡೆಮ್ಮೆನಾ’ ಎಂದು ಮೊಬೈಲಿಗೆ ಮುಖ ಹಾಕಿದಾಗ ನನಗೆ ಸಿಟ್ಟು ಬರುತ್ತದೆ. ಒಂದು ಊರಿನ ಜನ ಎದ್ದುಹೋಗಿ ಬಿಟ್ಟುಕೊಟ್ಟ ಹುಲ್ಲು ಅದು.

ಹಿನ್ನೀರು ತುಂಬಿದಾಗ ದೋಣಿ ಸಫಾರಿಗೆ ತನ್ನದೇ ಲಾಭ ಉಂಟು. ಚಳಿಗೆ ವಲಸೆ ಬಂದ ಮೀನುಡೇಗೆ ಒಣಮರದ ತುದಿಯಲ್ಲಿ ಕೂತು ಬೇಟೆಗೆ ಹೊಂಚುವುದು, ನೀರುನಾಯಿಗಳ ಗುಂಪು, ಬಿಸಿಲು ಕಾಯಿಸುವ ಮೊಸಳೆ. ಮಕ್ಕಳಿದ್ದರೆ ದೋಣಿಯೇ ಮೊದಲು. ಗುಂಡಿ ಗೊಟರಿನ ದಾರಿಯ ಜೀಪಿನಲ್ಲಿ ಅವರು ಅರ್ಧ ಗಂಟೆಗೆ ಬೇಸರಿಸುತ್ತಾರೆ.

ಕಾಡಿನಲ್ಲಿ ಕಿವಿಗೇ ಹೆಚ್ಚು ಕೆಲಸ. ಮುಸಿಯ ಮರದ ಮೇಲಿಂದ ಕೆಮ್ಮಿದಂತೆ ಕೂಗಿದರೆ, ಜಿಂಕೆ ಬೆದರಿ ಕೂಗಿದರೆ ಚಾಲಕ ಎಂಜಿನ್ ಆರಿಸುತ್ತಾನೆ. ಜಿಂಕೆ ಸಣ್ಣದಕ್ಕೂ ಹೆದರುವ ಪ್ರಾಣಿ. ಕಡವೆ ಹಾಗಲ್ಲ, ಕಡವೆ ಮತ್ತೆ ಮತ್ತೆ ಕೂಗಿತೆಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿ ಇದ್ದೇ ಇರುತ್ತದೆ. ಆಗ ಸುಮ್ಮನೆ ಕೂತರೆ ಸಾಕು. ಕಷ್ಟ ಇರುವುದೂ ಅಲ್ಲೇ. ಗಿರಣಿಯ ಸದ್ದು, ಕಾರ್ಖಾನೆಯ ಸೈರನ್ನುಗಳ ನಡುವೆ ಬೆಳೆದ ನಮ್ಮೂರಿನ ಗಂಟಲು ತಗ್ಗುವುದೇ ಇಲ್ಲ.

ದಾವಣಗೆರೆಯಿಂದ ಸಂತೇಬೆನ್ನೂರು, ಚನ್ನಗಿರಿ, ಭದ್ರಾವತಿ ಮೇಲೆ ಹೋದರೆ ಲಕ್ಕವಳ್ಳಿ ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಹರಿಹರದವರು ಹೊನ್ನಾಳಿ, ಶಿವಮೊಗ್ಗ ಹಿಡಿಯಬಹುದು. ಹತ್ತಿರವಿದೆಯೆಂದು ನಡುರಾತ್ರಿ ಹೊರಟು ಬೆಳಗಿನ ಸಫಾರಿ ಹಿಡಿಯುವ ಸಾಹಸ ಬೇಡ, ಭದ್ರಾವತಿಯ ಆಚೆ ಮಂಜು ದಾರಿಯನ್ನೇ ನುಂಗಿರುತ್ತದೆ. ಹಿಂದಿನ ಮಧ್ಯಾಹ್ನವೇ ತಲುಪಿ, ಸಂಜೆ ಒಂದು, ಬೆಳಿಗ್ಗೆ ಒಂದು ಸಫಾರಿ ಇಟ್ಟುಕೊಳ್ಳಿ. ದಾರಿಯಲ್ಲಿ ಸೂಳೆಕೆರೆಗೆ ಅರ್ಧ ಗಂಟೆ ಕೊಡಿ, ಹಕ್ಕಿಗಳು ಅಲ್ಲಿಂದಲೇ ಶುರು. ತೆರೆದ ಜೀಪಿನ ಚಳಿ ಬಯಲುಸೀಮೆಯವರಿಗೆ ಹೊಸದು. ಮಿಂಚುವ ಜಾಕೆಟ್ಟಿಗಿಂತ ಚಳ್ಳಕೆರೆ ಕಡೆಯ ಕರಿ ಕಂಬಳಿ ವಾಸಿ. ಸದ್ದಿಲ್ಲ, ಬಣ್ಣದ ಹೊಳಪಿಲ್ಲ. ಮಂಡಕ್ಕಿ, ಮಿರ್ಚಿ ಕೋಣೆಯಲ್ಲೇ ಇರಲಿ. ಜೀಪಿನಲ್ಲಿ ತಿನ್ನುವುದು, ಪೊಟ್ಟಣ ಎಸೆಯುವುದು ಎರಡೂ ಕೂಡದು.

ಎರಡು ದಿನ ಬಿಡುವಿಲ್ಲದವರು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಹೆಸರನ್ನಾದರೂ ತಿಳಿದಿರಲಿ. ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ಘೋಷಿಸಿದ ವನ್ಯಧಾಮ ಅದು, ನಮ್ಮ ಜಿಲ್ಲೆಯದೇ. ಹುಲಿಯಿಲ್ಲದ ಕುರುಚಲು ಕಾಡು ಎಂಬ ಕಾರಣಕ್ಕೆ ಅದನ್ನು ಕೇಳುವವರಿಲ್ಲ.

ಕೊನೆಯದಾಗಿ, ಹಣ ಕಟ್ಟುವ ಮೊದಲು ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ. 2025ರ ನವೆಂಬರಿನಲ್ಲಿ ಮೈಸೂರು ಕಡೆ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಅಂಥ ಆದೇಶ ಬರುವುದು ರಾತ್ರೋರಾತ್ರಿ, ನಮ್ಮ ರಜೆಯ ಅರ್ಜಿ ಕೇಳಿಕೊಂಡಲ್ಲ. ನಿಲ್ಲಿಸಿದ್ದಾರೆ ಎಂದು ಗೊಣಗಬೇಡಿ. ಆ ಊರಿನವರು ಹೊಲಕ್ಕೆ ಹೋಗಲು ಹೆದರುತ್ತಿರುವಾಗ ನಮ್ಮ ಜೀಪು ಒಂದು ವಾರ ತಡವಾದರೆ ಏನೂ ನಷ್ಟವಿಲ್ಲ.