ಊರಿಗೂ ಅಪ್ಪನಾಗಿದ್ದವನ ಮಗಳಿಗೆ

ಪ್ರೀತಿಯ ತಂಗಿ,

ಅಪ್ಪನ ಮೊದಲ ವರ್ಷದ ಪುಣ್ಯಸ್ಮರಣೆಗೆ ಏನು ಮಾಡಬೇಕು ಕಾಕಾ ಎಂದು ಬೆಂಗಳೂರಿನಿಂದ ಫೋನ್ ಮಾಡಿ ಕೇಳಿದೆ. ಪ್ರತಿಮೆ ನಿಲ್ಲಿಸೋಣ ಅನ್ನುವವರು ಕೆಲವರಿದ್ದಾರೆ, ಸಮುದಾಯ ಭವನಕ್ಕೆ ಹೆಸರಿಡಿಸೋಣ ಅನ್ನುವವರು ಇನ್ನು ಕೆಲವರಿದ್ದಾರೆ ಎಂದೂ ಹೇಳಿದೆ. ಇದು ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲವೆಂದು ಪತ್ರ ಬರೆಯುತ್ತಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಹಳ್ಳಿಯಲ್ಲೂ ನಿಮ್ಮಪ್ಪನಂಥ ಒಬ್ಬರಾದರೂ ಇದ್ದರು. ಅವರ ಮಕ್ಕಳೂ ನಿನ್ನ ಹಾಗೆಯೇ ದೂರದ ಊರುಗಳಲ್ಲಿದ್ದಾರೆ. ಅವರಿಗೂ ತಲುಪಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ. ನಿಮ್ಮಪ್ಪನ ಹೆಸರು ಮಾತ್ರ ಹಾಕಿಲ್ಲ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿಗಾಗಿ ಬದುಕಿದವನ ನೆನಪು ಉಳಿಯುವುದು ಅವನು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಯಾರಾದರೂ ಮುಂದುವರಿಸಿದಾಗ. ಅವನ ಕೆಲಸಗಳಲ್ಲಿ ಒಂದೇ ಒಂದನ್ನು ನೀನು ಹಿಡಿ. ಉಳಿದದ್ದೆಲ್ಲ ಆಮೇಲೆ.

ಆದರೆ ಯಾವ ಕೆಲಸ ಎಂದು ಗೊತ್ತಾಗಬೇಕಾದರೆ ನಿಮ್ಮಪ್ಪ ಏನು ಮಾಡುತ್ತಿದ್ದ ಎನ್ನುವುದು ನಿನಗೆ ತಿಳಿಯಬೇಕು. ನಿನಗೆ ಗೊತ್ತಿರುವುದು ಮನೆಯ ಅಪ್ಪ. ಊರಿನ ಅಪ್ಪನನ್ನು ಊರವರ ಬಾಯಿಂದಲೇ ಕೇಳಬೇಕು. ದಿನದ ಕಾರ್ಯಕ್ಕೆ ಬಂದವರೆಲ್ಲ ಏನೇನೋ ಹೇಳಿದರು, ಆಗ ನಿನಗೆ ಕೇಳಿಸಿಕೊಳ್ಳುವ ಸ್ಥಿತಿಯಿರಲಿಲ್ಲ. ಈಗ ಹೋಗಿ ಕೇಳು. ಮುಖಂಡರ ಮನೆಯಿಂದ ಶುರು ಮಾಡಬೇಡ. ಅವರ ಹತ್ತಿರ ಭಾಷಣ ಸಿಗುತ್ತದೆ. ಬ್ಯಾಡಗಿ ಪೇಟೆಗೆ ಅವನ ಜೊತೆ ಮೆಣಸಿನಕಾಯಿ ಒಯ್ಯುತ್ತಿದ್ದವರನ್ನು ಕೇಳು. ದಲಾಲಿ ಅಂಗಡಿಯಲ್ಲಿ ಚೀಲ ಇಳಿಸಿ, ಲಾಟ್ ಹಚ್ಚಿ, ಟೆಂಡರ್ ದರ ಬರುವ ತನಕ ಕಾಯ್ದು ಕೂರುವ ಹೊತ್ತಿನಲ್ಲಿ ಓದು ಬಾರದವರ ಚೀಟಿಯನ್ನು ಓದಿ ಹೇಳುತ್ತಿದ್ದವನು ನಿಮ್ಮಪ್ಪ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು ಮುರಿದರು, ಕೈಗೆಷ್ಟು ಬರಬೇಕು, ಎಲ್ಲವನ್ನೂ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದು ಕೂಡಿಸಿ ತೋರಿಸುತ್ತಿದ್ದ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಬಂತು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ಇಡೀ ದೇಶ ಅದನ್ನು ಹುಡುಕಿಕೊಂಡು ಬರುತ್ತದೆ. ಆದರೆ ಬೆಳೆದವನಿಗೆ ತನ್ನ ಚೀಲದ ಲೆಕ್ಕ ತಾನೇ ಓದಲು ಬಾರದಿದ್ದರೆ ಅಷ್ಟು ಹೆಸರು ಇದ್ದೂ ಅವನಿಗೆ ದಕ್ಕುವುದು ಕಡಿಮೆ. ಇದನ್ನು ಕಂಡುಕೊಂಡವನು ನಿಮ್ಮಪ್ಪ.

ಕೇಳಿದ್ದನ್ನು ಬರೆದಿಡು, ಇಲ್ಲವೇ ಮೊಬೈಲಿನಲ್ಲಿ ದನಿ ಹಿಡಿದಿಡು. ಯಾರು ಹೇಳಿದರು, ಎಲ್ಲಿ ನಡೆದದ್ದು, ಯಾವ ವರ್ಷದ ಆಸುಪಾಸು ಎಂಬ ಮೂರನ್ನು ತಪ್ಪದೆ ಸೇರಿಸು. ಹೊಗಳಿಕೆ ಬರೆಯಬೇಡ, ಘಟನೆ ಬರೆ. ‘ದೊಡ್ಡ ಮನುಷ್ಯ’ ಎಂಬ ಮಾತಿನಿಂದ ನಿನ್ನ ಮಗನಿಗೆ ಏನೂ ತಿಳಿಯುವುದಿಲ್ಲ. ಶಾಲೆಯ ಬಾವಿಗೆ ಕಟ್ಟೆ ಕಟ್ಟಿಸಲು ಅಜ್ಜ ಮನೆಮನೆ ತಿರುಗಿ ಪಟ್ಟಿ ಎತ್ತಿದ, ಕೊಟ್ಟವರ ಹೆಸರು, ಹಣ ಎಲ್ಲ ಬರೆದು ಗುಡಿಯ ಗೋಡೆಗೆ ಅಂಟಿಸಿದ ಎಂದರೆ ಅಜ್ಜ ಎಂಥವನೆಂದು ಅವನಿಗೇ ತಿಳಿಯುತ್ತದೆ.

ಹಾಗೆ ಬರೆದಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ಹೆಸರು ನಿನಗೆ ಗೊತ್ತು. 1930ರಲ್ಲಿ ದಂಡಿಯಾತ್ರೆಗೆ ಗಾಂಧೀಜಿ ಆರಿಸಿಕೊಂಡವರ ಪೈಕಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. ಆಗ ವಯಸ್ಸು 18. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರ ಜೊತೆ ಪೊಲೀಸರ ಗುಂಡಿಗೆ ಬಲಿಯಾದರು. 2018ರಲ್ಲಿ ಅವರ ಅಂಚೆಚೀಟಿಯೂ ಬಂತು. ಕೊನೆಯ ಆ ಒಂದು ದಿನದ ಕತೆ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಕೊರಡೂರಿನಲ್ಲಿ ಆಶ್ರಮ ಕಟ್ಟಿ, ನೂಲು ತೆಗೆಸಿ, ಖಾದಿ ನೇಯಿಸಿ, ಹಳ್ಳಿಯ ಜನರ ನಡುವೆ ಕೂತು ಮಾಡಿದ ಕೆಲಸವನ್ನು ನೆನೆಯುವವರು ಎಷ್ಟು ಮಂದಿ? ಜನ ಅವರ ಬೆನ್ನಿಗೆ ನಿಂತದ್ದು ಆ ವರ್ಷಗಳ ದುಡಿಮೆ ನೋಡಿ. ಪ್ರಾಣಕೊಟ್ಟ ವೀರನಿಗೇ ಹೀಗಾದರೆ, ಶಾಲೆಯ ಸಭೆಗೂ ಸೊಸೈಟಿಗೂ ಓಡಾಡಿದ ನಿಮ್ಮಪ್ಪನ ದುಡಿಮೆಯನ್ನು ನೀನಲ್ಲದೆ ಬೇರೆ ಯಾರು ಬರೆದಿಡುತ್ತಾರೆ?

ಇನ್ನು ಕಾಗದಪತ್ರದ ಮಾತು. ಅವನ ಟ್ರಂಕಿನಲ್ಲಿರುವುದೆಲ್ಲ ನಿಮ್ಮ ಮನೆಯ ಆಸ್ತಿಯಲ್ಲ. ಠರಾವು ಪುಸ್ತಕ, ರಸೀದಿ ಪುಸ್ತಕ, ಜಾತ್ರೆಯ ಲೆಕ್ಕ, ಭಜನಾ ಮಂಡಳಿಯ ಹಣ, ಸಂಘದ ಶಿಕ್ಕೆ, ಬೀಗದ ಕೈ ಇವೆಲ್ಲ ಊರಿನವು. ಪಟ್ಟಿ ಮಾಡಿ, ಇಬ್ಬರು ಹಿರಿಯರ ಎದುರಿಗೆ ಒಪ್ಪಿಸಿ, ಸಹಿ ತೆಗೆದುಕೋ. ಸಹಕಾರ ಸಂಘದಲ್ಲಿ ಅವನ ಷೇರು ಎಷ್ಟಿದೆ, ನಾಮಿನಿ ಯಾರು, ಸಾಲ ಬಾಕಿಯಿದೆಯೇ, ಬೇರೆಯವರ ಸಾಲಕ್ಕೆ ಜಾಮೀನು ನಿಂತಿದ್ದನೇ ಎಂದು ಕೇಳಿ ತಿಳಿದುಕೋ. ಊರ ಕೆಲಸ ಮಾಡುವವನು ಎಷ್ಟೋ ಜನರಿಗೆ ಜಾಮೀನು ನಿಂತಿರುತ್ತಾನೆ, ಮನೆಯಲ್ಲಿ ಹೇಳಿರುವುದಿಲ್ಲ. ಅವನ ಹೆಸರಿನಲ್ಲಿ ಒಂದು ರೂಪಾಯಿಯ ಅನುಮಾನವೂ ಉಳಿಯಬಾರದು. ಸಾರ್ವಜನಿಕ ಹಣ ಮುಟ್ಟಿದವನಿಗೆ ಮಕ್ಕಳು ಸಲ್ಲಿಸಬೇಕಾದ ಮೊದಲ ಶ್ರದ್ಧಾಂಜಲಿ ಇದು.

ಈಗ ಅವ್ವನ ವಿಷಯ. ನಿಮ್ಮಪ್ಪ ಊರಿಗೆ ಕೊಟ್ಟ ಹೊತ್ತು ಎಲ್ಲಿಂದ ಬಂತು ಎಂದು ಯೋಚಿಸಿದ್ದೀಯಾ? ರಾತ್ರಿ ಹತ್ತಕ್ಕೆ ಸಭೆ ಮುಗಿಸಿ ನಾಲ್ಕು ಜನರನ್ನು ಕರೆದುಕೊಂಡು ಬಂದರೆ ಮತ್ತೆ ಒಲೆ ಹಚ್ಚಿ ರೊಟ್ಟಿ ಬಡಿದವಳು ನಿಮ್ಮವ್ವ. ಅವನು ಕೆರೆ ಹೂಳು ತೆಗೆಸಲು ನಿಂತ ಬೇಸಿಗೆಯಲ್ಲಿ ಹೊಲ, ದನ, ನಿಮ್ಮ ಪರೀಕ್ಷೆ ಎಲ್ಲವನ್ನೂ ಹೊತ್ತವಳು ಅವಳು. ಅಪ್ಪ ನಮ್ಮ ಜೊತೆ ಇರುತ್ತಿರಲಿಲ್ಲ ಎಂಬ ನೋವು ನಿನಗೂ ಇದೆಯೆಂದು ನಾನು ಬಲ್ಲೆ. ಅದನ್ನು ಮುಚ್ಚಿಟ್ಟು ಅವನನ್ನು ದೇವರನ್ನಾಗಿ ಮಾಡಬೇಡ. ಮೈಲಾರ ಮಹದೇವಪ್ಪನವರ ಹೆಸರು ಹೇಳುವಾಗ ಅವರ ಹೆಂಡತಿ ಸಿದ್ದಮ್ಮನವರ ಹೆಸರನ್ನೂ ಹೇಳಬೇಕು. ಅವರೂ ಹೋರಾಟಕ್ಕೆ ಇಳಿದವರು. ಪುಣ್ಯಸ್ಮರಣೆಯ ದಿನ ಅವ್ವನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರೆ ಸಾಲದು. ಅವಳನ್ನು ಮಾತಾಡಿಸು. ಅವಳು ಹೇಳುವುದನ್ನು ಎಲ್ಲರಿಗಿಂತ ಮೊದಲು ಬರೆದುಕೋ.

ಒಂದು ಎಚ್ಚರಿಕೆಯ ಮಾತು. ಮನುಷ್ಯ ಹೋದ ಮೇಲೆ ಅವನನ್ನು ತಮ್ಮವನೆಂದು ಎಳೆದುಕೊಳ್ಳಲು ಜಾತಿಯವರು, ಪಕ್ಷದವರು ಬರುತ್ತಾರೆ. ಫ್ಲೆಕ್ಸಿನಲ್ಲಿ ಅವನ ಫೋಟೋ ಸಣ್ಣದು, ಹಾಕಿಸಿದವರ ಫೋಟೋ ದೊಡ್ಡದು. ಹಾಗೆ ಎಳೆದುಕೊಳ್ಳಲು ಬಿಡಬೇಡ. ನಮ್ಮದು ಕಾಗಿನೆಲೆ. ಬಾಡದಲ್ಲಿ ಹುಟ್ಟಿ, ಇಲ್ಲಿನ ಆದಿಕೇಶವನನ್ನೇ ಅಂಕಿತ ಮಾಡಿಕೊಂಡ ಕನಕದಾಸರ ನೆಲ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲು ಎಂದು ಜಗಳ ಬೀಳುತ್ತದೆ. ರಾಮ ಎರಡನ್ನೂ 6 ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಬಾಡುತ್ತದೆ, ಬಡವರ ಧಾನ್ಯವಾದ ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಹುಟ್ಟು ನೋಡಿ ಮೇಲು ಕೀಳು ಎಣಿಸುವವರಿಗೆ ಕನಕದಾಸರು ಕೊಟ್ಟ ಉತ್ತರವದು. ಆ ನೆಲದಲ್ಲಿ ನಿಮ್ಮಪ್ಪನ ಸ್ಮರಣೆಯ ಊಟಕ್ಕೆ ಎಲ್ಲ ಓಣಿಯವರೂ ಬರಲಿ, ಒಂದೇ ಪಂಕ್ತಿಯಲ್ಲಿ ಕೂರಲಿ. ಕರೆಯುವಾಗ ಒಂದು ಓಣಿ ಬಿಟ್ಟುಹೋದರೂ ಅವನು ಬದುಕಿದ ರೀತಿಗೆ ಅದು ಒಪ್ಪುವುದಿಲ್ಲ.

ಪ್ರತಿಮೆಯ ಮಾತಿಗೆ ಬರುತ್ತೇನೆ. ಪ್ರತಿಮೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಹೊಸರಿತ್ತಿಗೆ ಒಮ್ಮೆ ಹೋಗಿ ಬಾ. ಸ್ವಾತಂತ್ರ್ಯಕ್ಕೂ ಕರ್ನಾಟಕದ ಏಕೀಕರಣಕ್ಕೂ ದುಡಿದ ಗುದ್ಲೆಪ್ಪ ಹಳ್ಳಿಕೇರಿಯವರ ಊರು ಅದು. ಅಲ್ಲಿ 1984ರಲ್ಲಿ ಆರಂಭವಾದ ಗಾಂಧಿ ಗ್ರಾಮೀಣ ಗುರುಕುಲದಲ್ಲಿ ಹಳ್ಳಿಯ ಮಕ್ಕಳು ಇದ್ದು ಓದುತ್ತಾರೆ. ಹಾವೇರಿಯ ಒಂದು ಕಾಲೇಜಿಗೆ ಹಳ್ಳಿಕೇರಿಯವರದೇ ಹೆಸರು. ಅವರನ್ನು ಕಣ್ಣಾರೆ ಕಾಣದ ಮಕ್ಕಳು ದಿನವೂ ಅವರ ಹೆಸರು ಬರೆಯುತ್ತಾರೆ. ಅಷ್ಟು ದೊಡ್ಡದನ್ನು ಕಟ್ಟಲು ನಮ್ಮಿಂದಾಗದು, ಆಗಬೇಕಾಗಿಯೂ ಇಲ್ಲ. ಆದರೆ ಹೆಸರು ಬಾಳಬೇಕಾದರೆ ಅದರ ಜೊತೆಗೊಂದು ಉಪಯೋಗ ಇರಬೇಕೆಂಬುದನ್ನು ಅಲ್ಲಿ ಕಲಿಯಬಹುದು.

ನಿನ್ನ ಕೈಲಾಗುವ ಎರಡು ದಾರಿ ಹೇಳುತ್ತೇನೆ. ಒಂದು, ಅವನು ದುಡಿದ ಶಾಲೆಯಲ್ಲಿ ದತ್ತಿ ಇಡು. ಅಸಲು ಬ್ಯಾಂಕಿನಲ್ಲಿರಲಿ, ಬಡ್ಡಿ ಮಾತ್ರ ಪ್ರತಿ ವರ್ಷ ಖರ್ಚಾಗಲಿ. ಹೆಚ್ಚು ಅಂಕ ತೆಗೆದವರಿಗೆ ಬಹುಮಾನಗಳು ಬೇಕಾದಷ್ಟಿವೆ. ಕೂಲಿಗೆ ಹೋಗಬೇಕಾದ ಮನೆಯಲ್ಲಿದ್ದೂ ಶಾಲೆ ಬಿಡದ ಹುಡುಗಿಗೆ ಇದು ಸಲ್ಲಲಿ. ಯಾರಿಗೆ ಎಂದು ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಯೂ ಸೇರಿ ತೀರ್ಮಾನಿಸಲಿ, ನಮ್ಮ ಮನೆಯವರು ಅದರಲ್ಲಿ ಕೈ ಹಾಕುವುದು ಬೇಡ. ಎರಡು, ಪೇಟೆಯಲ್ಲಿ ಅವನು ಮಾಡುತ್ತಿದ್ದ ಆ ಚೀಟಿ ಓದುವ ಕೆಲಸ. ಸುಗ್ಗಿಯಲ್ಲಿ ಪೇಟೆಯ ದಿನ, ಕಂಪ್ಯೂಟರ್ ಬಲ್ಲ ನಮ್ಮೂರಿನ ಇಬ್ಬರು ಹುಡುಗರು ರೈತರ ಜೊತೆ ಹೋಗಿ ಲೆಕ್ಕ ನೋಡಿಕೊಡಲಿ. ಅವರ ಬಸ್ ಚಾರ್ಜು, ಊಟ ನೀನು ನೋಡಿಕೋ. ಮೊಬೈಲಿನಲ್ಲಿ ದರ ನೋಡುವುದನ್ನು, ಪಟ್ಟಿ ಓದುವುದನ್ನು ಅವರು ಹಿರಿಯರಿಗೆ ಕಲಿಸಲಿ. ನನ್ನನ್ನು ಕೇಳಿದರೆ ಎರಡನೆಯದನ್ನೇ ಹಿಡಿ ಎನ್ನುತ್ತೇನೆ. ದತ್ತಿಗೆ ಹಣ ಕೊಟ್ಟು ದೂರವಿರಬಹುದು. ಈ ಕೆಲಸಕ್ಕೆ ನೀನು ಆಗಾಗ ಊರಿಗೆ ಬರಬೇಕಾಗುತ್ತದೆ, ಜನರ ಹೆಸರು ಹಿಡಿದು ಮಾತಾಡಬೇಕಾಗುತ್ತದೆ, ಬೈಗುಳವನ್ನೂ ಕೇಳಬೇಕಾಗುತ್ತದೆ. ನಿಮ್ಮಪ್ಪ ದಿನವೂ ಏನು ಹೊರುತ್ತಿದ್ದ ಎಂದು ಆಗ ಗೊತ್ತಾಗುತ್ತದೆ.

ಅವನ ಕುರ್ಚಿಗಳ ಗೊಡವೆ ಬೇಡ. ಸೊಸೈಟಿಯ ನಿರ್ದೇಶಕರ ಜಾಗ, ಕಮಿಟಿಯ ಅಧ್ಯಕ್ಷತೆ ಮಗಳಿಗೆ ಬರಬೇಕಾದ ಹಕ್ಕಲ್ಲ. ಬೇರೆಯವರು ಕೂರಲಿ. ಕೂತವರಿಗೆ ಲೆಕ್ಕ ಕೇಳುವ ಧೈರ್ಯ ನಿನ್ನಲ್ಲಿದ್ದರೆ ಸಾಕು.

ಪುಣ್ಯಸ್ಮರಣೆಗೆ ಇನ್ನೂ ಸಮಯವಿದೆ. ಮುಂದಿನ ಸಲ ರಜೆ ಹಾಕಿ ಬಂದಾಗ ಮೊದಲು ಅವ್ವನ ಹತ್ತಿರ ಕೂತುಕೋ, ಆಮೇಲೆ ಟ್ರಂಕು ತೆಗೆ, ಆಮೇಲೆ ನಮ್ಮ ಮನೆಗೆ ಬಾ. ಪೇಟೆಗೆ ಹೋಗುವ ಹುಡುಗರನ್ನು ನಾನು ಆರಿಸಿ ಇಟ್ಟಿರುತ್ತೇನೆ. ಅವರಿಗೆ ಕೆಲಸ ಹೇಳುವವಳು ನೀನೇ ಆಗಬೇಕು.

ನಿಮ್ಮಪ್ಪನ ಗೆಳೆಯ,
ನಿನ್ನ ಕಾಕಾ
ಕಾಗಿನೆಲೆ