ಬ್ರೆಡ್ಡಿನ ಅಂಗಡಿಗೆ ಬೆಳಕೇ ಮೊದಲ ಅಲಂಕಾರ

ಮೈಸೂರಿನಲ್ಲಿ 12 ಅಡಿ ಅಗಲದ ಮಳಿಗೆ ಹಿಡಿದಿದ್ದೀರಿ, ಕೈಯಲ್ಲೇ ಮಾಡಿದ ಹುಳಿಹಿಟ್ಟಿನ ಬ್ರೆಡ್ ಮಾರುವ ಆಸೆ. ಕೆಫೆಯ ಹಾಗೆ ಮೇಜು ಕುರ್ಚಿ ತುಂಬಲೇ ಎಂದು ಕೇಳಿದ್ದೀರಿ. ಬೇಡ. ಇಷ್ಟು ಜಾಗದಲ್ಲಿ ಓವನ್ನಿಗೂ ನಾದುವ ಮೇಜಿಗೂ ಮೊದಲ ಹಕ್ಕು.

ಹಣವನ್ನು ಬೆಳಕಿಗೆ ಹಾಕಿ. ಚೆನ್ನಾಗಿ ಬೆಂದ ಬ್ರೆಡ್ಡಿನ ಕಂದು ಬಣ್ಣವೇ ನಿಮ್ಮ ಜಾಹೀರಾತು. 6500 ಕೆಲ್ವಿನ್‌ನ ಟ್ಯೂಬ್‌ಲೈಟಿನಡಿ ಅದು ಕಳೆಗುಂದುತ್ತದೆ. 2700ರಿಂದ 3000 ಕೆಲ್ವಿನ್‌ನ, ಸಿಆರ್‌ಐ (ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿರುವ ಎಲ್‌ಇಡಿ ಕೇಳಿ ತನ್ನಿ. ನಾದುವ ಕಡೆ ಮಾತ್ರ 4000 ಇರಲಿ, ಅಲ್ಲಿ ಕೆಲಸದವರ ಕಣ್ಣು ಮುಖ್ಯ.

ನಮ್ಮ ಅಯ್ಯಂಗಾರ್ ಬೇಕರಿಗಳ ಗಾಜಿನ ಶೋಕೇಸ್ ನನಗೂ ಬಲು ಇಷ್ಟ. ಪಫ್, ಬೆಣ್ಣೆ ಬಿಸ್ಕತ್ತಿಗೆ ಅದು ಸರಿ. ಆದರೆ ಗರಿಗರಿ ಹೊರಪದರದ ಬ್ರೆಡ್ಡು ಮುಚ್ಚಿದ ಪೆಟ್ಟಿಗೆಯಲ್ಲಿ ತನ್ನದೇ ತೇವಕ್ಕೆ ಮೆತ್ತಗಾಗುತ್ತದೆ. ಅದಕ್ಕೆ ಕೌಂಟರಿನ ಹಿಂದೆ, ಗಿರಾಕಿಗಳ ಕೈಗೆಟುಕದಂತೆ, ಗಾಳಿಯಾಡುವ ಮರದ ಪಟ್ಟಿಗಳ ಓರೆ ಶೆಲ್ಫ್ ಮಾಡಿಸಿ. ಬಾಗಿಲಿಗೆ ಏರ್ ಕರ್ಟನ್ ಹಾಕಿದರೆ ನೊಣ, ಧೂಳಿನ ಕಾಟ ಕಡಿಮೆ.

ಓವನ್ನನ್ನು ಬಚ್ಚಿಡಬೇಡಿ; ನಡುವೆ ಗಾಜಿನ ಗೋಡೆ ಇರಲಿ, ಬ್ರೆಡ್ ಹೊರಬರುವುದನ್ನು ಜನ ನೋಡಲಿ. ನೆಲಕ್ಕೆ ಹೊಳಪಿನ ಟೈಲ್ಸ್ ಬೇಡವೇ ಬೇಡ, ಹಿಟ್ಟು ಚೆಲ್ಲಿದರೆ ಜಾರುತ್ತದೆ.

ಒಳಾಂಗಣದವರಿಗೆ ಮುಂಗಡ ಕೊಡುವ ಮೊದಲು ಓವನ್ ಮಾರುವವರಿಂದ ವಿದ್ಯುತ್ ಲೋಡ್ ಬರೆಸಿಕೊಳ್ಳಿ. ತ್ರೀ ಫೇಸ್ ಬೇಕೆಂದರೆ ವಿದ್ಯುತ್ ಪೂರೈಸುವ ಸೆಸ್ಕ್‌ಗೆ ಈಗಲೇ ಅರ್ಜಿ ಹಾಕಿ. ಬಣ್ಣ ಆರಿಸುವ ಕೆಲಸ ಆಮೇಲೆ.